ಹಿರೇಗುಂಟನೂರಿಗೊಂದು ಬಿಳಿ ಪರದೆ

ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ ಹಿರೇಗುಂಟನೂರು. ಈ ಊರಿನ ಹುಡುಗನೊಬ್ಬನಿಗೆ ಸಿನಿಮಾ ಮಾಡುವ ಹುಚ್ಚು ಹಿಡಿಯಿತೆನ್ನಿ. ಅವನು ಎಲ್ಲಿಗೆ ಹೋಗಬೇಕು? ಬೆಂಗಳೂರಿನ ಗಾಂಧಿನಗರಕ್ಕೆ ಎಂಬುದು ಹಳೆಯ ಉತ್ತರ. ಆದರೆ ಮೊದಲ ಪಾಠಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಬಸ್ಸು ಹತ್ತಿ ದುರ್ಗದಲ್ಲಿ ಇಳಿದರೆ ಸಾಕು.

ಏಳು ಸುತ್ತಿನ ಕೋಟೆಯೇ ಅಲ್ಲಿನ ಪಾಠಶಾಲೆ. ಪುಟ್ಟಣ್ಣ ಕಣಗಾಲ್ ಅವರು 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಚಿತ್ರದ ರಾಮಾಚಾರಿ ಅಲೆದಾಡಿದ್ದು ಇದೇ ಬಂಡೆಗಳ ಮೇಲೆ. ಓಬವ್ವನ ಕಿಂಡಿಯ ಮುಂದೆ ನಿಂತ ಪ್ರವಾಸಿಗೆ ಇತಿಹಾಸದ ಜೊತೆಗೆ ಒನಕೆ ಹಿಡಿದ ಜಯಂತಿಯವರ ಮುಖವೂ ನೆನಪಾಗುತ್ತದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಈ ಒಂದು ಚಿತ್ರ ಮಾಡಲಾಯಿತು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವೇ ಚಿತ್ರಕಥೆಯ ಅರ್ಧ ಕೆಲಸ. ಜನ ಚಿತ್ರವನ್ನು ಮೆಚ್ಚಿದರು. ಕಾದಂಬರಿಕಾರರಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಓದುವ ಕಥೆಯೇ ಬೇರೆ, ನೋಡುವ ಕಥೆಯೇ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿ ಸಿಗಲಾರದು.

ದೊಡ್ಡ ನಿರ್ಮಾಪಕರ ಬೆಂಬಲವಿಲ್ಲದ ಹೊಸಬರಿಗೆ ಇಂದು ಎರಡು ಬಾಗಿಲುಗಳಿವೆ. ಒಂದು, ಸ್ವತಂತ್ರ ಚಿತ್ರಗಳ ಉತ್ಸವ. ಇನ್ನೊಂದು, ಚಿತ್ರಕಥಾ ಸ್ಪರ್ಧೆ. ಎರಡನೆಯದಕ್ಕೆ ಕ್ಯಾಮೆರಾ ಕೂಡ ಬೇಡ, ಪೆನ್ನು ಹಾಳೆ ಇದ್ದರೆ ನಡೆಯುತ್ತದೆ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷವಾಗುತ್ತದೆ ಎಂಬುದು ಈ ಕಸುಬಿನವರ ಅಂದಾಜು. ಹಾಗಾದರೆ 16 ನಿಮಿಷದ ಕಿರುಚಿತ್ರ ಶಾಲೆಯ ನೋಟುಬುಕ್ಕಿನಲ್ಲಿ ಹಿಡಿಸಿ ಇನ್ನೂ ಹಾಳೆ ಉಳಿಯುತ್ತದೆ. ಅದೇ ಕಥೆ ತೆರೆಗೆ ಬಂದಾಗ ಸೆಕೆಂಡಿಗೆ 24ರಂತೆ ಒಟ್ಟು 23,040 ಬಿಡಿ ಚಿತ್ರಗಳಾಗುತ್ತವೆ!

ಈ ಲೆಕ್ಕ ಬರಿಯ ಕಲ್ಪನೆಯಲ್ಲ. ಮೈಸೂರಿನಲ್ಲಿ ವೈದ್ಯಕೀಯ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಸುಮಾರು ಅಷ್ಟೇ ಉದ್ದದ್ದು. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳಿಗೆ ಮೀಸಲಾದ ‘ಲಾ ಸಿನೆಫ್’ ವಿಭಾಗದ ಮೊದಲ ಬಹುಮಾನ ಅದಕ್ಕೆ ಬಂತು. ಕಥೆಯಾದರೂ ಏನು? ಅಜ್ಜಿಯೊಬ್ಬಳು ಊರಿನ ಕೋಳಿ ಹುಂಜವನ್ನು ಕದ್ದೊಯ್ಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ನಮ್ಮ ಯಾವ ಹಳ್ಳಿಯ ಜಗಲಿಯಲ್ಲಿ ಬೇಕಾದರೂ ಕೇಳಿಬರಬಹುದಾದ ಜನಪದ ಕಥೆ ಅದು.

ಹಳ್ಳಿಯನ್ನೇ ಪಾತ್ರವಾಗಿಸಿದ ದೊಡ್ಡ ಚಿತ್ರಗಳೂ ಇವೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಈರೇಗೌಡರು ರಾಮ್ ರೆಡ್ಡಿ ಅವರೊಡನೆ ಬರೆದ ‘ತಿಥಿ’, 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ತೆರೆಯ ಮೇಲಿದ್ದವರು ನಟನೆ ಕಲಿತವರಲ್ಲ, ಊರಿನವರೇ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ತಯಾರಾಯಿತು. 2022ರಲ್ಲಿ ಅದಕ್ಕೆ ಕೊರಿಯಾದ ಬುಸಾನ್‌ನಲ್ಲಿ ಪ್ರಶಸ್ತಿ ಸಿಕ್ಕಿತು. ಆದರೆ ಕರ್ನಾಟಕದ ಚಿತ್ರಮಂದಿರ ಕಾಣಲು 2024 ಬರಬೇಕಾಯಿತು.

ತೊಡಕು ಇರುವುದು ಇಲ್ಲಿಯೇ. ಹಳ್ಳಿಯ ಕಥೆ ಕಡಲು ದಾಟುತ್ತದೆ, ಹಳ್ಳಿಯ ನೋಡುಗರಿಗೆ ಮಾತ್ರ ಅದು ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಉತ್ಸವಗಳು ನಡೆಯುವುದು ಶಹರಗಳಲ್ಲಿ. ಒಂದೂ ಒಳ್ಳೆಯ ಚಿತ್ರ ನೋಡದ ಹುಡುಗ ಒಳ್ಳೆಯ ಚಿತ್ರಕಥೆ ಬರೆಯುವುದಾದರೂ ಹೇಗೆ?

ಇದಕ್ಕೊಂದು ಉತ್ತರವನ್ನು ಮಲೆನಾಡಿನ ಹಳ್ಳಿಯೊಂದು ಅರ್ಧ ಶತಮಾನದ ಹಿಂದೆಯೇ ಕಂಡುಕೊಂಡಿತ್ತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಅಲ್ಲಿ ಸತ್ಯಜಿತ್ ರಾಯ್, ಕುರೊಸಾವಾ ಅವರ ಚಿತ್ರಗಳನ್ನು ನೋಡಿದರು. ಪುಣೆಯ ಸತೀಶ್ ಬಹಾದೂರ್ ಅವರೇ ಬಂದು ಚಿತ್ರವನ್ನು ನೋಡುವ ಬಗೆ ಕಲಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎನ್ನುತ್ತಿದ್ದವರ ಮಾತು ಹೆಗ್ಗೋಡಿನಲ್ಲಿ ಸುಳ್ಳಾಯಿತು.

ಅದು ಮಲೆನಾಡು, ಬಯಲುಸೀಮೆಯ ಮಾತೇ ಬೇರೆ ಎನ್ನುವವರು ಚಿತ್ರದುರ್ಗ ಜಿಲ್ಲೆಯಲ್ಲೇ ಹೊಳಲ್ಕೆರೆ ಹಾದು ಹೊಸದುರ್ಗದ ಕಡೆ ನಡೆಯಬೇಕು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ ‘ಶಿವಸಂಚಾರ’ ನಾಟಕ ತಂಡ ಆರಂಭಿಸಿದರು. ಅಲ್ಲಿನ ನಾಟಕೋತ್ಸವಕ್ಕೆ ಸುತ್ತಲ ಹಳ್ಳಿಗಳ ಜನ ಬಂದು ಬಯಲು ರಂಗಮಂದಿರದಲ್ಲಿ ರಾತ್ರಿಯ ಚಳಿಯಲ್ಲಿ ಕೂರುತ್ತಾರೆ. ನೋಡುಗರಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ.

ಹಿಂದೆ ಹಳ್ಳಿಯಲ್ಲಿ ಚಿತ್ರ ತೋರಿಸಬೇಕಾದರೆ ಭಾರದ ಪ್ರೊಜೆಕ್ಟರು, ರೀಲಿನ ಡಬ್ಬಗಳನ್ನು ಹೊತ್ತು ತರಬೇಕಿತ್ತು. ಈಗ ಅಂಗೈಯಗಲದ ಪೆಟ್ಟಿಗೆಯಲ್ಲಿ ಹತ್ತಾರು ಚಿತ್ರಗಳು ಹಿಡಿಸುತ್ತವೆ. ಒಂದು ಶಾಲೆಯ ಬಯಲು, ಗೋಡೆಗೆ ಕಟ್ಟಿದ ಬಿಳಿ ಬಟ್ಟೆ, ಬಾಡಿಗೆಗೆ ತಂದ ಪ್ರೊಜೆಕ್ಟರು, ಚಿತ್ರ ಮಾಡಿದವರ ಒಪ್ಪಿಗೆ: ಇಷ್ಟಾದರೆ ಹಿರೇಗುಂಟನೂರಿನಲ್ಲೂ ಎರಡು ರಾತ್ರಿಯ ಚಿತ್ರೋತ್ಸವ ನಡೆದೀತು. ಹಗಲು ಹೋಬಳಿಯ ಹುಡುಗ ಹುಡುಗಿಯರಿಗೆ ಹದಿನಾರು ಪುಟದ ಚಿತ್ರಕಥೆಯ ಸ್ಪರ್ಧೆ ಇಡಬಹುದು. ಗೆದ್ದ ಕಥೆಯನ್ನು ಸಂಜೆ ಊರಿನವರ ಮುಂದೆ ಓದಿಸಬೇಕು. ಅದರಲ್ಲಿ ಬರುವ ಅಜ್ಜಿಯನ್ನು, ಹುಂಜವನ್ನು ಬಲ್ಲವರು ಎದುರಿಗೇ ಕೂತಿರುತ್ತಾರೆ. ತಪ್ಪಿದ್ದರೆ ಅಲ್ಲೇ ಹೇಳುತ್ತಾರೆ.

ಆ ಪರೀಕ್ಷೆಯಲ್ಲಿ ಪಾಸಾದ ಮೇಲೆ ಬೇಕಾದರೆ ಹುಡುಗ ಬೆಂಗಳೂರಿನ ಬಸ್ಸು ಹತ್ತಲಿ.