ಪಥ್ಯ ಕೆಡಿಸಿದವನು ನಾನೇ

ಕಳೆದ ಮಳೆಗಾಲದಲ್ಲಿ ಮೈಸೂರಿನ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿರಲಿಲ್ಲ. ಎರಡು ವರ್ಷದ ನಾಯಿ ರಾಜ ರಾತ್ರಿಯಿಡೀ ಪರಪರ ಕೆರೆದುಕೊಳ್ಳುತ್ತಿದ್ದ, ಪಾದ ನೆಕ್ಕುತ್ತಿದ್ದ, ಕಿವಿ ಪಟಪಟ ಕೊಡವುತ್ತಿದ್ದ. ಹೊಟ್ಟೆಯೆಲ್ಲ ಕೆಂಪಾಗಿ ಕೂದಲು ಉದುರಿತ್ತು.

"ಕಜ್ಜಿ ಇರಬೇಕು ಸರ್. ಮಗು ಇರೋ ಮನೆ, ಎಲ್ಲಾದ್ರೂ ಬಿಟ್ಟುಬನ್ನಿ" ಎಂದರು ಪಕ್ಕದ ಮನೆಯವರು. ಅಂದು ಮೊಮ್ಮಗಳು ಊಟ ಮಾಡಲಿಲ್ಲ.

ಬೇವಿನ ನೀರು, ಕೊಬ್ಬರಿ ಎಣ್ಣೆ ಎಂದು ನನ್ನ ವೈದ್ಯವೆಲ್ಲ ಮುಗಿದ ಮೇಲೆ ಪಶುವೈದ್ಯರ ಬಳಿ ಹೋದೆವು. ಅವರು ಬ್ಲೇಡಿನಿಂದ ಚರ್ಮವನ್ನು ಮೆಲ್ಲಗೆ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕಜ್ಜಿಯ ಹುಳು ಕಾಣಲಿಲ್ಲ. ಆದರೂ ಅದಕ್ಕೂ ಚಿಗಟಕ್ಕೂ ಔಷಧಿ ಕೊಟ್ಟರು. ತುರಿಕೆ ನಿಲ್ಲಲಿಲ್ಲ.

"ಇನ್ನು ಆಹಾರದ ಮೇಲೆ ಅನುಮಾನ. ಅದೂ ಅಲ್ಲವೆಂದಾದರೆ ಪರಿಸರದ ಅಲರ್ಜಿ. ಗಾಳಿಯ ಪರಾಗವೋ ಮನೆಯ ಧೂಳಿನ ನುಸಿಯೋ ಇರಬಹುದು. ಒಂದೇ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ, ಒಂದೊಂದನ್ನೇ ತಳ್ಳಿಹಾಕುತ್ತಾ ಬರಬೇಕು" ಎಂದರು. 8 ವಾರ ಅವರು ಬರೆದುಕೊಟ್ಟ ಆಹಾರ ಬಿಟ್ಟು ಬೇರೆ ಒಂದು ಚೂರೂ ಕೊಡುವಂತಿಲ್ಲ.

ಐದನೆಯ ವಾರ ಸಿಕ್ಕಿಬಿದ್ದೆ. ಬೆಳಗಿನ ಕಾಫಿಯ ಹೊತ್ತಿಗೆ ರಾಜ ನನ್ನ ಕುರ್ಚಿಯ ಪಕ್ಕ ಬಂದು ಕೂರುತ್ತಾನೆ. ಆ ಕಣ್ಣು ನೋಡಿ ಅರ್ಧ ಬಿಸ್ಕತ್ತು ಕೊಡದೆ ಇರುವುದು ಹೇಗೆ?

"ತಾತ, ದಿನಾ ಕೊಡ್ತಿದ್ದೀಯಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಮೊಮ್ಮಗಳು ಪಕ್ಕದಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಲೆಕ್ಕ ಮತ್ತೆ ಮೊದಲ ದಿನದಿಂದ ಶುರುವಾಯಿತು. ಪಾಪದ ಪ್ರಾಣಿ, ನನ್ನ ಪ್ರೀತಿಯಿಂದಾಗಿ ಇನ್ನೂ ಒಂದು ತಿಂಗಳು ಹೆಚ್ಚು ಕೆರೆದುಕೊಂಡಿತು. ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕುವ ಕೆಲಸ ಅವಳದು. ಬಿಸ್ಕತ್ತಿನ ಡಬ್ಬಿ ಬೀರುವಿನ ಮೇಲೇರಿತು.

ಪಥ್ಯ ಮುಗಿದರೂ ತುರಿಕೆ ತಗ್ಗಲಿಲ್ಲ. ಅಂದರೆ ಪರಿಸರದ್ದೇ ಅಲರ್ಜಿ. ಅದು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದೇ ತಡ, ಮೊಮ್ಮಗಳು ಪಕ್ಕದ ಮನೆಗೆ ಓಡಿದಳು.

ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಹತೋಟಿಯಲ್ಲಿಡಬಹುದು ಅಷ್ಟೇ. ತುರಿಕೆಗೆ ಮಾತ್ರೆ ಕೊಟ್ಟಿದ್ದಾರೆ. ನಾವು ನುಂಗುವ ಮಾತ್ರೆಯನ್ನು ಅವರನ್ನು ಕೇಳದೆ ಕೊಡಬಾರದಂತೆ. ವಾರಕ್ಕೊಮ್ಮೆ ಔಷಧಿಯ ಶಾಂಪೂ, ನೊರೆ 10 ನಿಮಿಷ ಮೈಮೇಲಿರಬೇಕು. ರಾಜನಿಗೆ ಅದು ಯುಗ, ಹಿಡಿದುಕೊಳ್ಳುವ ನನಗೂ. ಅವನ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯುತ್ತೇವೆ. ಪಾರ್ಥೇನಿಯಂ ಬೆಳೆದ ಖಾಲಿ ಸೈಟಿನತ್ತ ಹೋಗುವುದಿಲ್ಲ.

ಈಗ ತಿರುಗಾಟ ಮುಗಿಸಿ ಬಂದರೆ ರಾಜ ಬಾಗಿಲಲ್ಲೇ ನಿಂತು, ಒದ್ದೆ ಬಟ್ಟೆಯಿಂದ ಒರೆಸಲೆಂದು ತಾನೇ ಮುಂಗಾಲು ಎತ್ತುತ್ತಾನೆ. ಬಿಸ್ಕತ್ತಿನದೇನೂ ತಪ್ಪಿಲ್ಲವೆಂದು ಗೊತ್ತಾಗಿದ್ದರೂ ಡಬ್ಬಿಯನ್ನು ಮಾತ್ರ ಮೊಮ್ಮಗಳು ಇನ್ನೂ ಕೆಳಗಿಳಿಸಿಲ್ಲ.