ಬೆರಳುದ್ದದ ಮೂಲಪ್ರತಿ

ಬೆಂಗಳೂರಿನ ದಕ್ಷಿಣದಲ್ಲಿ, ಪದ್ಮನಾಭನಗರವನ್ನು ದಾಟಿ ಉತ್ತರಹಳ್ಳಿಯ ಕಡೆಗೆ ಸಾಗುವಾಗ ಚಿಕ್ಕಲಸಂದ್ರವೆಂಬ ಊರು ಸಿಗುತ್ತದೆ. ಊರೆಂದು ಕರೆಯುವುದು ಈಗ ಅಭ್ಯಾಸಬಲದಿಂದಷ್ಟೆ. ನಗರವು ಅದನ್ನು ತನ್ನೊಳಗೆ ಸೇರಿಸಿಕೊಂಡು ಬಹುಕಾಲವಾಯಿತು. ‘ಸಂದ್ರ’ವೆಂಬುದು ‘ಸಮುದ್ರ’ ಶಬ್ದದ ತದ್ಭವ. ಕೆರೆಯನ್ನು ಸಮುದ್ರವೆಂದು ಕರೆದ ಹಿರಿಯರ ಔದಾರ್ಯವು ಬೊಮ್ಮಸಂದ್ರ, ಸಿಂಗಸಂದ್ರ, ಚಿಕ್ಕಲಸಂದ್ರಗಳೆಂಬ ಹೆಸರುಗಳಲ್ಲಾದರೂ ಉಳಿದುಕೊಂಡಿದೆ. ಈ ಊರಿನ ಒಂದು ಮನೆಯ ಮಹಡಿಯ ಕೋಣೆಯಲ್ಲಿ, ೨೦೨೫ನೆಯ ಇಸವಿಯ ದೀಪಾವಳಿಯ ರಜೆಯಲ್ಲಿ, ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಬೆರಳುದ್ದದ ಪೆನ್‌ಡ್ರೈವೊಂದನ್ನು ಸಿದ್ಧಪಡಿಸುತ್ತ ಕುಳಿತಿದ್ದರು.

ಅದಕ್ಕೆ ಕಾರಣವಿತ್ತು. ಶಾಲೆಯ ಗಣಕಕೊಠಡಿಯಲ್ಲಿ ದಾನಿಗಳು ಬೇರೆ ಬೇರೆ ವರ್ಷಗಳಲ್ಲಿ ಕೊಡಿಸಿದ ೧೮ ಕಂಪ್ಯೂಟರುಗಳಿದ್ದವು. ಅವುಗಳಲ್ಲಿದ್ದ ವಿಂಡೋಸ್ ೧೦ಕ್ಕೆ ಅದರ ತಯಾರಕರು ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಮುಂದಿನ ಆವೃತ್ತಿಯು ಬೇಡುವ ಭದ್ರತಾ ಚಿಪ್ಪಾಗಲಿ ಹೊಸ ತಲೆಮಾರಿನ ಸಂಸ್ಕಾರಕವಾಗಲಿ ಈ ಯಂತ್ರಗಳಿಗೆ ಇರಲಿಲ್ಲ. ಹೊಸತನ್ನು ಕೊಳ್ಳಲು ಹಣವೂ ಇರಲಿಲ್ಲ. ಯಂತ್ರವನ್ನು ಕೊಡುವ ದಾನಿಗಳು ನಾಡಿನಲ್ಲಿ ವಿರಳರಲ್ಲ. ಕೊಟ್ಟ ಯಂತ್ರವು ಹತ್ತನೆಯ ವರ್ಷದಲ್ಲಿ ಹೇಗಿದೆಯೆಂದು ಕೇಳುವವರು ಮಾತ್ರ ವಿರಳವೇ ಸರಿ. ನೆರೆಯ ಕೇರಳದಲ್ಲಿ ೨೦೦೧ರಲ್ಲಿ ಆರಂಭವಾಗಿ ೨೦೧೭ರಿಂದ ‘ಕೈಟ್’ ಎಂಬ ಸಂಸ್ಥೆಯಾಗಿ ಬೆಳೆದ ಶಾಲಾ ಗಣಕ ಯೋಜನೆಯು ಉಬುಂಟು ಆಧಾರದ ಮುಕ್ತ ತಂತ್ರಾಂಶವನ್ನೇ ಬಳಸುತ್ತದೆ; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಅವರಿಗೆ ಸಾಧ್ಯವಾದುದು ಇಲ್ಲಿ ಏಕೆ ಅಸಾಧ್ಯವೆಂದು ಅವರು ಮುಖ್ಯೋಪಾಧ್ಯಾಯರನ್ನು ಒಪ್ಪಿಸಿದರು.

ಯಂತ್ರವನ್ನು ಎಚ್ಚರಿಸುವ ಕ್ರಿಯೆಗೆ ಆಂಗ್ಲರು ‘ಬೂಟ್’ ಎನ್ನುತ್ತಾರೆ. ತನ್ನ ಬೂಟಿನ ಕುಣಿಕೆಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲೆತ್ತಿಕೊಳ್ಳುವುದೆಂಬ ಅಸಂಭವದ ನುಡಿಗಟ್ಟಿನಿಂದ ಆ ಮಾತು ಹುಟ್ಟಿತು. ಯಂತ್ರವು ತನ್ನ ಡಿಸ್ಕನ್ನು ಬಿಟ್ಟು ಪೆನ್‌ಡ್ರೈವಿನಿಂದ ಎಚ್ಚರಗೊಂಡರೆ, ಮಲಗಿರುವ ಆ ಡಿಸ್ಕನ್ನು ಪೂರ್ತಿಯಾಗಿ ಬದಲಿಸಬಹುದು. ಅವರು ೬೪ ಗಿಗಾಬೈಟಿನ ಪೆನ್‌ಡ್ರೈವನ್ನು ಎರಡು ಪಾಲು ಮಾಡಿದರು. ಚಿಕ್ಕ ಪಾಲು ‘ಫ್ಯಾಟ್ ೩೨’ ಎಂಬ ಹಳೆಯ ವಿನ್ಯಾಸದ್ದು. ಯಂತ್ರದ ಮೂಲತಂತ್ರಾಂಶವು ಇದನ್ನೇ ಓದಬಲ್ಲದಾದ್ದರಿಂದ ತೈವಾನಿನ ರಾಷ್ಟ್ರೀಯ ಗಣಕಕೇಂದ್ರದಲ್ಲಿ ರೂಪುಗೊಂಡ ‘ಕ್ಲೋನ್‌ಜಿಲ್ಲಾ’ ಎಂಬ ಉಚಿತ ತಂತ್ರಾಂಶವನ್ನು ಅದರಲ್ಲಿಟ್ಟರು. ಆ ವಿನ್ಯಾಸದಲ್ಲಿ ಒಂದು ಕಡತವು ೪ ಗಿಗಾಬೈಟನ್ನು ಮೀರಲಾಗದು. ಆದಕಾರಣ ಪ್ರತಿಬಿಂಬವನ್ನು ಇಡುವ ದೊಡ್ಡ ಪಾಲಿಗೆ ಬೇರೆಯೇ ವಿನ್ಯಾಸ.

ಒಂದು ಯಂತ್ರವನ್ನು ಅಕ್ಷರಫಲಕ, ಕನ್ನಡ ಲಿಪಿ, ಪಾಠದ ತಂತ್ರಾಂಶಗಳೊಡನೆ ಸಜ್ಜುಗೊಳಿಸಿ, ಅದರ ಡಿಸ್ಕಿನ ಸಮಗ್ರ ಪ್ರತಿಬಿಂಬವನ್ನು ತೆಗೆದು ಉಳಿದವುಗಳಿಗೆ ಇಳಿಸುವುದು ಅವರ ಉದ್ದೇಶ. ಓಲೆಗರಿಯ ಲಿಪಿಕಾರರನ್ನು ಬಲ್ಲವರಿಗೆ ಇದರ ಅಪಾಯವನ್ನು ವಿವರಿಸಬೇಕಿಲ್ಲ. ಮೂಲಪ್ರತಿಯ ಸ್ಖಾಲಿತ್ಯವು ಶಾಖೆಯ ಎಲ್ಲ ಪ್ರತಿಗಳಿಗೂ ಹರಿಯುತ್ತದೆ. ಆದರೆ ಲಿಪಿಕಾರನು ಅಲ್ಲಲ್ಲಿ ತಿದ್ದಿಯಾನು, ಯಂತ್ರವು ತಿದ್ದದು. ಮನೆಗೆ ತಂದ ಯಂತ್ರದಲ್ಲಿ ೫೦೦ ಗಿಗಾಬೈಟಿನ ಡಿಸ್ಕಿತ್ತು. ಶಾಲೆಗೆ ಹೋಗಿ ನೋಡಿದರೆ ಐದು ಯಂತ್ರಗಳ ಡಿಸ್ಕು ೩೨೦ ಮಾತ್ರ. ದೊಡ್ಡ ಡಿಸ್ಕಿನ ಪ್ರತಿಬಿಂಬವನ್ನು ಚಿಕ್ಕದಕ್ಕೆ ಇಳಿಸಲು ಕ್ಲೋನ್‌ಜಿಲ್ಲಾ ಒಪ್ಪಲಿಲ್ಲ. ಎಲ್ಲಕ್ಕಿಂತ ಚಿಕ್ಕ ಡಿಸ್ಕಿನ ಯಂತ್ರವನ್ನೇ ಮೂಲವಾಗಿಟ್ಟುಕೊಂಡು ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು. ಮೂರು ಯಂತ್ರಗಳು ಇನ್ನೂ ಹಳೆಯವು. ಅವುಗಳ ಎಚ್ಚರದ ಕ್ರಮವೇ ಬೇರೆಯಾದ್ದರಿಂದ ಅವನ್ನು ಬದಿಗಿಟ್ಟರು. ಉಳಿದವು ಎಫ್-೧೨, ಕೆಲವು ಎಫ್-೯ ಕೀಲಿಯನ್ನೊತ್ತಿದೊಡನೆ ಪೆನ್‌ಡ್ರೈವಿನಿಂದ ಎದ್ದು ಒಂದೊಂದೂ ಕಾಲುಗಂಟೆಯೊಳಗೆ ಹೊಸದಾದವು. ಎಲ್ಲಕ್ಕೂ ಮೂಲಯಂತ್ರದ ಹೆಸರೇ ಬಂದಿದ್ದರಿಂದ ಪ್ರತಿಯೊಂದಕ್ಕೂ ಮತ್ತೆ ನಾಮಕರಣ ಮಾಡುವ ಕೆಲಸವೊಂದು ಹೆಚ್ಚಿತು, ಅಷ್ಟೆ.

ಮೂಲೆಯ ಯಂತ್ರದ ಸರದಿ ಬಂದಾಗ, ಇದರಲ್ಲಿ ಬೇಕಾದುದೇನಾದರೂ ಇದೆಯೇ ಎಂದು ಅವರು ಗುಮಾಸ್ತರನ್ನು ಕೇಳಿದರು. ಗುಮಾಸ್ತರು ಹೊಸಬರು; ಏನೂ ಇಲ್ಲವೆಂದರು. ಡಿಸ್ಕಿನಲ್ಲಿರುವುದೆಲ್ಲ ಅಳಿಯುವುದೆಂದು ಕ್ಲೋನ್‌ಜಿಲ್ಲಾ ಎರಡು ಬಾರಿ ಎಚ್ಚರಿಸಿ ಒಪ್ಪಿಗೆ ಕೇಳುತ್ತದೆ. ಎರಡು ಬಾರಿಯೂ ಒಪ್ಪಿಗೆ ಕೊಟ್ಟರು. ಹತ್ತು ಯಂತ್ರಗಳಿಗೆ ಒಪ್ಪಿದ ಬೆರಳು ಹನ್ನೊಂದನೆಯದಕ್ಕೆ ಏಕೆ ತಡೆದೀತು?

ಸಂಜೆ ನಿವೃತ್ತ ಗ್ರಂಥಪಾಲಕರು ಬಂದರು. ಎರಡು ಬೇಸಗೆಯ ರಜೆಗಳಲ್ಲಿ ಕುಳಿತು ತಾವು ಬೆರಳಚ್ಚು ಮಾಡಿದ ಹಳೆಯ ವಿದ್ಯಾರ್ಥಿಗಳ ಪಟ್ಟಿ ಆ ಮೂಲೆಯ ಯಂತ್ರದಲ್ಲಿದೆಯಷ್ಟೆ ಎಂದು ವಿಚಾರಿಸಿದರು. ಬೇರೆ ಪ್ರತಿ ಇರಲಿಲ್ಲ. ಯಾರೂ ಮಾತನಾಡಲಿಲ್ಲ. ಗುಮಾಸ್ತರ ಕಣ್ಣಲ್ಲಿ ನೀರು ಬಂದಿತ್ತು. ಗ್ರಂಥಪಾಲಕರೇ ಅವರ ಹೆಗಲ ಮೇಲೆ ಕೈಯಿಟ್ಟು, ಕೇಳಿದವರು ತಮ್ಮನ್ನು ಕೇಳಬೇಕಿತ್ತು, ತಾವೂ ಹೇಳಿಡಬೇಕಿತ್ತು ಎಂದರು.

ಕ್ಲೋನ್‌ಜಿಲ್ಲಾದ ಸ್ವಭಾವವೊಂದು ಈಗ ನೆರವಿಗೆ ಬಂದಿತು. ಅದು ಸಾಮಾನ್ಯವಾಗಿ ಮೂಲಡಿಸ್ಕಿನಲ್ಲಿ ಬಳಕೆಯಾದ ಭಾಗವನ್ನು ಮಾತ್ರ ಪ್ರತಿಮಾಡುತ್ತದೆ; ಖಾಲಿ ಜಾಗವನ್ನು ಮುಟ್ಟುವುದಿಲ್ಲ. ಹೊಸ ವ್ಯವಸ್ಥೆಯು ಹನ್ನೆರಡು ಗಿಗಾಬೈಟಿನಷ್ಟು. ಸುತ್ತುವ ತಟ್ಟೆಯ ಆ ಹಳೆಯ ಡಿಸ್ಕಿನ ಮಿಕ್ಕ ಬಹುಭಾಗದಲ್ಲಿ ಹಿಂದಿನ ಬರವಣಿಗೆ ಹಾಗೆಯೇ ಬಿದ್ದಿರಬೇಕು. ಅವರು ಯಂತ್ರವನ್ನು ಒಡನೆಯೇ ಆರಿಸಿ, ಡಿಸ್ಕನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಚಿಕ್ಕಲಸಂದ್ರಕ್ಕೆ ಒಯ್ದರು. ಮರುದಿನ ಎಸ್.ಪಿ. ರಸ್ತೆಯಿಂದ ಇನ್ನೊಂದು ಡಿಸ್ಕು ತಂದು, ಖಾಲಿಯೆಂದು ತೋರುವ ಭಾಗವನ್ನೂ ಬಿಡದೆ ಪ್ರತಿಮಾಡಿ, ಆ ಪ್ರತಿಯ ಮೇಲೆ ‘ಫೋಟೋರೆಕ್’ ಎಂಬ ಶೋಧಕವನ್ನು ಓಡಿಸಿದರು. ಅದು ಕಡತಗಳನ್ನು ಅವುಗಳ ಒಳಗುರುತಿನಿಂದ ಹಿಡಿದು ತರುತ್ತದೆ; ಹೆಸರು ಉಳಿಯದು, ಸಂಖ್ಯೆ ಮಾತ್ರ.

ರಾತ್ರಿಯೆಲ್ಲ ಓಡಿ ಸಾವಿರಾರು ಅನಾಮಧೇಯ ಕಡತಗಳು ಹೊರಬಂದವು. ತೆರೆದರೆ ಚುಕ್ಕೆ, ಕೊಂಬುಗಳುಳ್ಳ ಪರದೇಶದ ಅಕ್ಷರಗಳು. ಕೆಟ್ಟುಹೋಗಿವೆಯೆಂದು ಅವರ ಮಗಳು ಭಾವಿಸಿದಳು. ಅವು ಕೆಟ್ಟಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಬೆರಳಚ್ಚಾದ ಬರೆಹಗಳವು. ಯುನಿಕೋಡ್ ವಾಡಿಕೆಗೆ ಬರುವ ಮುಂಚೆ ಕನ್ನಡದ ರೂಪಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂರಿಸುತ್ತಿದ್ದರು. ಆ ಲಿಪಿಕಡತವಿಲ್ಲದ ಯಂತ್ರಕ್ಕೆ ಮನೆ ಕಾಣುತ್ತದೆ, ಒಳಗಿರುವವರು ಕಾಣುವುದಿಲ್ಲ. ನುಡಿಯ ಲಿಪಿಯನ್ನು ಅಳವಡಿಸಿದ ಕ್ಷಣದಲ್ಲಿ ಪರದೆಯ ಮೇಲೆ ಹೆಸರುಗಳು ಮೂಡಿದವು: ಹುಡುಗನ ಹೆಸರು, ತಂದೆಯ ಹೆಸರು, ಊರು, ಸೇರಿದ ವರ್ಷ. ನೂರಿಪ್ಪತ್ತನೆಯ ಸಾಲಿನಲ್ಲಿ ಅವರದೇ ಹೆಸರಿತ್ತು; ತಂದೆಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು.

ಪಟ್ಟಿಯನ್ನು ಯುನಿಕೋಡಿಗೆ ಪರಿವರ್ತಿಸಿ ಮೂರು ಕಡೆ ಇರಿಸಿದ್ದಾರೆ. ಉಳಿದ ಯಂತ್ರಗಳಿಗೆ ಕೈಹಾಕುವ ಮೊದಲು ಪ್ರತಿಯೊಂದರ ಹಳೆಯ ಡಿಸ್ಕಿನ ಪ್ರತಿಬಿಂಬವನ್ನು ತೆಗೆದಿಟ್ಟರು. ಅದಕ್ಕೆ ಇನ್ನೂ ಎರಡು ದಿನ ಹಿಡಿಯಿತು. ಆದರೆ ೧೯೮೩ ಮತ್ತು ೧೯೮೪ರಲ್ಲಿ ಸೇರಿದವರ ಪುಟಗಳು ದೊರೆಯಲೇ ಇಲ್ಲ. ಹೊಸ ವ್ಯವಸ್ಥೆಯು ಕುಳಿತದ್ದು ಬಹುಶಃ ಅವುಗಳ ಮೇಲೆಯೇ. ಗ್ರಂಥಪಾಲಕರು ದಾಖಲಾತಿಯ ಹಳೆಯ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಮಾಸಿದ ಮಸಿಯನ್ನು ಓದಿ ಹೇಳುತ್ತಾರೆ, ಗುಮಾಸ್ತರು ಬೆರಳಚ್ಚು ಮಾಡುತ್ತಾರೆ. ಶಾಲೆ ಬಿಟ್ಟ ಮೇಲೆ ದಿನಕ್ಕೆ ಒಂದು ಗಂಟೆ. ೧೯೮೩ರದು ಮುಗಿದಿದೆ.