ಹೆಸರಿಲ್ಲದ ಚಿತ್ರಗಳು

ಕಳೆದ ವಾರ ಮೊಮ್ಮಗಳು ಗಣಕಯಂತ್ರದಲ್ಲಿ ಕೆಲವು ಚಿತ್ರಗಳನ್ನು ತೋರಿಸುತ್ತ, "ತಾತಾ, ಹೆದರಬೇಡಿ" ಎಂದಳು. ಎಲುಬುಗಳಿಂದಲೇ ಕಟ್ಟಿದಂತಹ ದೇಗುಲ. ಒಂದನ್ನೊಂದು ತಬ್ಬಿ ಕುಳಿತ ಎರಡು ಅಸ್ಥಿಮಾತ್ರ ದೇಹಗಳು. ಮೊದಲು ಮುಖ ತಿರುಗಿಸಿದೆ. ಆಮೇಲೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದೆ.

ಇವು ಪೋಲೆಂಡಿನ ಝ್ಜಿಸ್ವಾಫ್ ಬೆಕ್ಶಿನ್‌ಸ್ಕಿ (1929–2005) ಅವರ ಕೃತಿಗಳು. ಸಾನೊಕ್ ಪಟ್ಟಣದಲ್ಲಿ ಜನಿಸಿದ ಅವರಿಗೆ ಎರಡನೆಯ ಮಹಾಯುದ್ಧ ಆರಂಭವಾದಾಗ ಹತ್ತು ವರ್ಷ. ಓದಿದ್ದು ವಾಸ್ತುಶಿಲ್ಪ. 1950ರ ದಶಕದಲ್ಲಿ ಛಾಯಾಗ್ರಹಣ ಮಾಡಿದರು. ಬಟ್ಟೆ ಸುತ್ತಿದ ಮುಖಗಳು, ಹಾಳಾದ ಗೊಂಬೆಗಳು ಅವುಗಳ ವಸ್ತು. ಅನಂತರ ತೈಲವರ್ಣಕ್ಕೆ ತಿರುಗಿದರು. ಸಂಗೀತ ಕೇಳುತ್ತ ಚಿತ್ರಿಸುತ್ತಿದ್ದ ಈ ಕಲಾವಿದರು ತಮ್ಮ ಚಿತ್ರಗಳಿಗೆ ಹೆಸರಿಡಲಿಲ್ಲ, ಅವುಗಳ ಅರ್ಥವನ್ನು ಹೇಳಲೂ ಒಪ್ಪಲಿಲ್ಲ.

ಇದನ್ನು ತಿಳಿದಾಗ ನನಗೆ ಏಳನೆಯ ತರಗತಿಯ ಹುಡುಗನೊಬ್ಬನ ನೆನಪಾಯಿತು. 'ನಮ್ಮ ಮನೆ' ಎಂಬ ವಿಷಯಕ್ಕೆ ಉಳಿದವರೆಲ್ಲ ಹೆಂಚಿನ ಮನೆ, ತೆಂಗಿನ ಮರ, ಸೂರ್ಯನನ್ನು ಬರೆದಿದ್ದರು. ಅವನು ಹಾಳೆಯನ್ನೆಲ್ಲ ಮಸಿಯಿಂದ ತುಂಬಿ, ನಡುವೆ ಬಾಗಿಲಿಲ್ಲದ ಮನೆಯೊಂದನ್ನು ಬರೆದಿದ್ದ. "ಏನೋ ಇದು ಅಪಶಕುನ? ಇದರ ಅರ್ಥವೇನು?" ಎಂದು ಗದರಿದೆ. ಅವನು ತಲೆ ತಗ್ಗಿಸಿ ನಿಂತ. ಹಾಳೆಯನ್ನು ಹರಿದುಹಾಕಿ ಬೇರೆ ಚಿತ್ರ ಬರೆಸಿದೆ. ಸೂರ್ಯನಿದ್ದ ಆ ಎರಡನೆಯ ಚಿತ್ರಕ್ಕೆ ಹತ್ತಕ್ಕೆ ಎಂಟು ಅಂಕವನ್ನೂ ಕೊಟ್ಟೆ. ಅವನ ಮನೆಯಲ್ಲಿ ಏನು ನಡೆದಿತ್ತೆಂದು ಮಾತ್ರ ವಿಚಾರಿಸಲೇ ಇಲ್ಲ.

ಚಿತ್ರ ಕತ್ತಲೆಯದ್ದಾದರೆ ಬರೆದವನ ಮನಸ್ಸು ಕೆಟ್ಟಿದೆ ಎಂದು ಅಂದು ನಾನು ನಂಬಿದ್ದೆ. ಪ್ರಿಯ ಶಿಷ್ಯನೇ, ನೀನು ಇದನ್ನು ಓದುತ್ತಿದ್ದರೆ ಈ ಮೇಷ್ಟರನ್ನು ಕ್ಷಮಿಸು. ಸಾಧ್ಯವಾದರೆ ಆ ಮೊದಲ ಚಿತ್ರವನ್ನು ಮತ್ತೊಮ್ಮೆ ಬರೆದು ಕಳುಹಿಸು. ಈ ಬಾರಿ ಅರ್ಥ ಕೇಳುವುದಿಲ್ಲ.